ಮಕ್ಕಳ ಮನೆಯಲ್ಲಿ ಎಷ್ಟು ದಿನ?

ಭದ್ರಾವತಿಯ ಕಾರ್ಖಾನೆಗಳಲ್ಲಿಯೋ ಸರಕಾರದ ಕಚೇರಿಗಳಲ್ಲಿಯೋ ದುಡಿದು, ನಿವೃತ್ತರಾಗಿ ಶಿವಮೊಗ್ಗೆಯ ಗೋಪಾಳದಲ್ಲಿ ಮನೆಮಾಡಿರುವ ಹಿರಿಯರನೇಕರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ತೆರಳುವುದುಂಟು. ಅವರಿಗಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಆ ದೇಶದ ಸಂದರ್ಶಕ ವೀಸಾವನ್ನು ನಮ್ಮವರಿಗೆ ಸಾಮಾನ್ಯವಾಗಿ 10 ವರ್ಷಗಳಿಗೆ ಕೊಡುವರು. ಅಷ್ಟು ಕಾಲವೂ ಅಲ್ಲಿಯೇ ಇರಬಹುದೆಂದು ಭಾವಿಸುವುದು ಪ್ರಮಾದವು. ನಿಲ್ಲುವ ಅವಧಿಯನ್ನು ವಿಮಾನ ಇಳಿದೆಡೆಯ ಅಧಿಕಾರಿಗಳು ನಿರ್ಣಯಿಸಿ ಐ-94 ಎಂಬ ದಾಖಲೆಯಲ್ಲಿ ನಮೂದಿಸುವರು. ಅದು ಸಾಮಾನ್ಯವಾಗಿ 6 ತಿಂಗಳು. ಮಕ್ಕಳು ಅದನ್ನು ಅಂತರ್ಜಾಲದಲ್ಲಿ ನೋಡಿ ಹಿರಿಯರಿಗೆ ತಿಳಿಸತಕ್ಕದ್ದು.

ಕಾಯಿಲೆಯೋ ಮತ್ತೇನೋ ಬಂದು ಇನ್ನಷ್ಟು ದಿನ ನಿಲ್ಲಬೇಕಾದರೆ ಆ ತೇದಿಯೊಳಗಾಗಿ ಐ-539 ಎಂಬ ಅರ್ಜಿಯನ್ನು ಸಲ್ಲಿಸಬೇಕು. 45 ದಿನ ಮುಂಚಿತವಾಗಿ ಸಲ್ಲಿಸುವುದು ಲೇಸೆಂದು ಅಲ್ಲಿಯ ಇಲಾಖೆಯೇ ಹೇಳುತ್ತದೆ. ಕಾರಣವನ್ನೂ, ಖರ್ಚಿಗೆ ಹಣವಿರುವುದನ್ನೂ, ಹಿಂದಿರುಗುವ ಉದ್ದೇಶವನ್ನೂ ತೋರಿಸಬೇಕು. (ಗೋಪಾಳದ ಮನೆಯ ಕಂದಾಯದ ರಶೀದಿಯೂ ಪಿಂಚಣಿಯ ಪತ್ರವೂ ಇಲ್ಲಿ ಉಪಯೋಗಕ್ಕೆ ಬಂದಾವು.) ಅರ್ಜಿಯಿಲ್ಲದೆ ಅವಧಿ ಮೀರಿದರೆ ಆ 10 ವರ್ಷದ ವೀಸಾ ರದ್ದಾಗುವುದು. 180 ದಿನಗಳಿಗೂ ಹೆಚ್ಚು ಮೀರಿದವರಿಗೆ 3 ವರ್ಷ, ಒಂದು ವರ್ಷ ಮೀರಿದವರಿಗೆ 10 ವರ್ಷ ಪುನಃ ಪ್ರವೇಶವಿಲ್ಲ. ಎಪ್ಪತ್ತು ದಾಟಿದ ಅಜ್ಜಿಗೆ ಹತ್ತು ವರ್ಷವೆಂದರೆ, ಆ ಮೊಮ್ಮಗುವನ್ನು ಅದರ ಮನೆಯಲ್ಲಿ ಮತ್ತೆ ಕಾಣುವುದೆಂದಿಗೆ?

ಕೆನಡಾ ಈ ವಿಷಯದಲ್ಲಿ ಉದಾರವಾಗಿದೆ. ಅಲ್ಲಿಯ ‘ಸೂಪರ್ ವೀಸಾ’ ಪಡೆದ ತಂದೆತಾಯಿಗಳೂ ಅಜ್ಜ ಅಜ್ಜಿಯರೂ 2022ರ ಜುಲೈಯಿಂದೀಚೆಗೆ ಒಂದೇ ಸಲಕ್ಕೆ 5 ವರ್ಷಗಳವರೆಗೆ ನಿಲ್ಲಬಹುದು. ಆದರೆ ಆರೋಗ್ಯ ವಿಮೆಯೂ ಮಕ್ಕಳಿಗೆ ಗೊತ್ತಾದಷ್ಟು ವರಮಾನವೂ ಇರಲೇಬೇಕು.