ಸೈಕಲ್ಲಿಗೆ ಮೋಟಾರು: ಮೊಣಕಾಲಿಗೆ ಆರಾಮ, ಹೃದಯಕ್ಕೆ ವ್ಯಾಯಾಮ

ಐವತ್ತು ದಾಟಿದವರು ಬಂದಾಗ ನಾವು ವೈದ್ಯರು ಹೇಳುವ ಮಾತು ಬಹುತೇಕ ಒಂದೇ: 'ದಿನಾ ನಡೆಯಿರಿ, ಇಲ್ಲವೇ ಸೈಕಲ್ ತುಳಿಯಿರಿ.' ಹೇಳುವುದು ಸುಲಭ. ಧಾರವಾಡದಂಥ ಏರಿಳಿತದ ಊರಿನಲ್ಲಿ ತುಳಿಯುವವರ ಪಾಡೇನು ಎಂದು ನಾವು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ 54 ವಯಸ್ಸಿನ ಶಾಲಾ ಮಾಸ್ತರರೊಬ್ಬರಿಗೆ ಇದೇ ಸಲಹೆ ಕೊಟ್ಟೆ. ಅವರಿಗೆ ಸಕ್ಕರೆ ಕಾಯಿಲೆ, ಸ್ವಲ್ಪ ರಕ್ತದೊತ್ತಡ, ಜೊತೆಗೆ ಎರಡೂ ಮೊಣಕಾಲಿನಲ್ಲಿ ಸವೆತದ ಆರಂಭ. ಮೂರೇ ವಾರದಲ್ಲಿ ಕುಂಟುತ್ತ ವಾಪಸು ಬಂದರು. "ಡಾಕ್ಟರ್ರ, ಸಮ ದಾರ್ಯಾಗ ಏನೂ ಇಲ್ರಿ. ಏರು ಬಂತಂದ್ರ ಮೊಣಕಾಲು ಒಲ್ಲೆ ಅಂತಾವು" ಎಂದರು. ಅವರು ತುಳಿಯುತ್ತಿದ್ದುದು ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಸೈಕಲ್ಲು. ಮುಂದೆ ಹಿಂದೆ ಎರಡೂ ಕಡೆ ಸ್ಪ್ರಿಂಗ್ ಇರುವ ಡಬಲ್ ಸಸ್ಪೆನ್ಷನ್ ಮಾದರಿ. "ಇದಕ್ಕ ಮೋಟಾರು ಹಾಕಿಸಿದ್ರ ಹೆಂಗ್ರಿ? ಹೊಸಾದು ಕೊಳ್ಳೂ ಶಕ್ತಿ ಇಲ್ಲ" ಎಂದು ಕೇಳಿದರು.

ಈ ಪ್ರಶ್ನೆಯನ್ನು ಈಗ ಅನೇಕರು ಕೇಳುತ್ತಾರೆ. ಮಾಸ್ತರರ ಅನುಭವ ನಿಮಗೂ ಉಪಯೋಗಕ್ಕೆ ಬರಬಹುದು.

ಏರಿನಲ್ಲಿ ಆಗುವುದೇನು?

ನೂರು ಮೀಟರಿಗೆ ಐದು ಮೀಟರ್ ಏರುವ ದಾರಿ ಎಂದುಕೊಳ್ಳಿ. ಸವಾರ ಮತ್ತು ಸೈಕಲ್ ಸೇರಿ 100 ಕಿಲೋ ತೂಕವಿದ್ದರೆ, ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 150 ವ್ಯಾಟ್ ಶಕ್ತಿ ಬೇಕು. ಅಭ್ಯಾಸವಿಲ್ಲದ ಮಧ್ಯವಯಸ್ಕರ ಕಾಲಿಗೆ ಅದರ ಅರ್ಧದಷ್ಟನ್ನು ಬಹಳ ಹೊತ್ತು ಕೊಡುವುದೇ ಕಷ್ಟ. ಆಗ ಪೆಡಲ್ ನಿಧಾನವಾಗುತ್ತದೆ, ಪ್ರತಿ ತುಳಿತಕ್ಕೂ ಹೆಚ್ಚು ಬಲ ಹಾಕಬೇಕಾಗುತ್ತದೆ, ಮೊಣಕಾಲಿನ ಚಿಪ್ಪು ಒಳಗಿನ ಮೂಳೆಯ ಮೇಲೆ ಒತ್ತುತ್ತದೆ. ಎದೆ ಬಡಿತವೂ ಒಮ್ಮೆಲೇ ಏರುತ್ತದೆ.

ಕೊರತೆಯಾದ ಆ ಅರ್ಧವನ್ನು ಮೋಟಾರು ಕೊಟ್ಟರೆ ಕಾಲು ಹಗುರವಾಗಿ ತಿರುಗುತ್ತದೆ. ಹಾಗೆಂದು ವ್ಯಾಯಾಮ ತಪ್ಪುವುದಿಲ್ಲ. ಮೋಟಾರಿನ ನೆರವಿದ್ದರೂ ತುಳಿಯುತ್ತಲೇ ಹೋಗುವವರಿಗೆ ಚುರುಕು ನಡಿಗೆಯಷ್ಟಾದರೂ ಶ್ರಮ ಆಗುತ್ತದೆ ಎಂಬುದನ್ನು ಅಧ್ಯಯನಗಳು ತೋರಿಸಿವೆ. ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ಸಾಧಾರಣ ಶ್ರಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಶಾಲೆಗೆ ಹೋಗಿ ಬಂದರೆ ಆ ಲೆಕ್ಕ ಮುಗಿಯಿತು.

ಕಿಟ್ ಕೊಳ್ಳುವ ಮುನ್ನ

ಮೋಟಾರು 250 ವ್ಯಾಟ್ ಮೀರದಿರಲಿ, ವೇಗ ಗಂಟೆಗೆ 25 ಕಿ.ಮೀ. ದಾಟದಿರಲಿ. ಈ ಮಿತಿ ಮೀರಿದರೆ ಕಾನೂನಿನ ದೃಷ್ಟಿಯಲ್ಲಿ ಅದು ಸೈಕಲ್ಲಲ್ಲ, ಮೋಟಾರು ವಾಹನ. ನೋಂದಣಿ, ಲೈಸೆನ್ಸ್, ವಿಮೆ ಎಲ್ಲ ಬೇಕು. 'ಇನ್ನೆರಡು ಸಾವಿರ ಕೊಡಿ, ದೊಡ್ಡ ಮೋಟಾರು ಹಾಕುತ್ತೇವೆ' ಎನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ.

ಡಬಲ್ ಸಸ್ಪೆನ್ಷನ್ ಸೈಕಲ್ಲಿನ ಗುಣ, ದೋಷ ಎರಡೂ ತಿಳಿದಿರಲಿ. ಹಿಂದಿನ ಸ್ಪ್ರಿಂಗ್ ರಸ್ತೆಯ ಗುಂಡಿಗಳ ಹೊಡೆತವನ್ನು ನುಂಗುವುದರಿಂದ ಸೊಂಟ ನೋವಿನವರಿಗೆ ಅನುಕೂಲ. ಆದರೆ ಅಗ್ಗದ ಮಾದರಿಗಳು ಭಾರ ಹೆಚ್ಚು. ತುಳಿದಾಗ ಕುಣಿಯುತ್ತ ಶಕ್ತಿಯನ್ನು ವ್ಯರ್ಥ ಮಾಡುತ್ತವೆ. ಅದರ ಮೇಲೆ ಮೋಟಾರು, ಬ್ಯಾಟರಿ ಸೇರಿ ಐದಾರು ಕಿಲೋ ಹೆಚ್ಚಾಗುತ್ತದೆ. ಆದ್ದರಿಂದ ಈ ಅಂಶಗಳನ್ನು ಗಮನಿಸಿ:

* ಹಿಂದಿನ ಗಾಲಿಯನ್ನು ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಫ್ರೇಮ್ ಮಡಚುವ ಕೀಲಿನಲ್ಲಿ ಲಟಲಟ ಎಂದರೆ ಮೊದಲು ಅದನ್ನು ಸರಿಪಡಿಸಿ. ಸರಿಯಾಗದಿದ್ದರೆ ಆ ಸೈಕಲ್ಲಿಗೆ ಮೋಟಾರು ಬೇಡ. ಸ್ಪ್ರಿಂಗ್ ಇಲ್ಲದ ಗಟ್ಟಿ ಉಕ್ಕಿನ ಹಳೆ ಸೈಕಲ್ಲೇ ವಾಸಿ.
* ಮೋಟಾರು ಹಿಂದಿನ ಗಾಲಿಯಲ್ಲಿರಲಿ. ಸ್ಪ್ರಿಂಗ್ ಇರುವ ಮುಂದಿನ ಫೋರ್ಕಿನ ತುದಿ ಮೋಟಾರಿನ ತಿರುಚುವ ಬಲವನ್ನು ತಡೆಯಲು ಮಾಡಿದ್ದಲ್ಲ. ಅದು ಮುರಿದರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ. ಹಿಂದೆಯೂ ಆಕ್ಸಲ್ ತಿರುಗದಂತೆ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ ಹಾಕಿಸಿ.
* ಹಿಂಭಾಗ ಮೇಲೆ ಕೆಳಗೆ ಆಡುವುದರಿಂದ ಕೀಲಿನ ಹತ್ತಿರ ವೈರನ್ನು ಬಿಗಿಯಾಗಿ ಕಟ್ಟಬಾರದು, ಸ್ವಲ್ಪ ಸಡಿಲ ಬಿಡಬೇಕು.
* ಬ್ಯಾಟರಿಯನ್ನು ಸೀಟಿನ ಹಿಂದೆ ನೇತುಹಾಕಬೇಡಿ. ಫ್ರೇಮಿನ ಕೆಳಗಿನ ಕೊಳವೆಗೆ ಬಿಗಿಸಿ. ಸೀಟಿನ ಮೇಲೆ ಭಾರ ಹಾಕಿ ಕುಣಿಸಿ, ಬ್ಯಾಟರಿಗೆ ಏನೂ ತಗಲುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ.
* ಬ್ರೇಕಿನ ರಬ್ಬರ್, ಕೇಬಲ್ ಹೊಸದಿರಲಿ. ಬ್ರೇಕ್ ಹಿಡಿದ ಕೂಡಲೇ ಮೋಟಾರು ನಿಲ್ಲುವ ಲಿವರ್ ಕಡ್ಡಾಯ.

ಬ್ಯಾಟರಿಯಲ್ಲಿ ಜಿಪುಣತನ ಬೇಡ

ಮಾಸ್ತರರು ಎಡವಿದ್ದು ಇಲ್ಲಿ. ಕಿಟ್ಟಿಗೆ ಒಂಬತ್ತು ಸಾವಿರ ಕೊಟ್ಟಿದ್ದರು. ಒಟ್ಟು ಹದಿನೈದು ಸಾವಿರದಲ್ಲಿ ಮುಗಿಸಬೇಕೆಂಬ ಹಟದಲ್ಲಿ ಯಾರೋ ಜೋಡಿಸಿಕೊಟ್ಟ ಬ್ಯಾಟರಿಯನ್ನು ಐದು ಸಾವಿರಕ್ಕೆ ತಂದರು. ಒಂದು ರಾತ್ರಿ ಬಾಗಿಲ ಪಕ್ಕದ ಮೆಟ್ಟಿಲ ಕೆಳಗೆ ಚಾರ್ಜಿಗಿಟ್ಟು ಮಲಗಿದರು. ಎರಡು ಗಂಟೆಗೆ ಅವರ ಮನೆಯವರಿಗೆ ಸುಟ್ಟ ವಾಸನೆ ಬಡಿದು ಎಚ್ಚರವಾಯಿತು. ಬ್ಯಾಟರಿ ಉಬ್ಬಿ ಹೊಗೆ ಕಾರುತ್ತಿತ್ತು. ಹೊರಗೆ ಹೋಗಲು ಇದ್ದ ಒಂದೇ ಬಾಗಿಲು ಆ ಹೊಗೆಯ ಆಚೆ. ಮೂಗಿಗೆ ಸೆರಗು ಒತ್ತಿಕೊಂಡು ಇಬ್ಬರೂ ಹೇಗೋ ದಾಟಿದರು. ಬೆಳಿಗ್ಗೆ ಕೆಂಪು ಕಣ್ಣು, ನಿಲ್ಲದ ಕೆಮ್ಮಿನೊಂದಿಗೆ ನನ್ನ ಮುಂದೆ ಕೂತಿದ್ದರು. ಆಕೆ ಗಂಡನ ಕಡೆ ನೋಡಲೂ ಇಲ್ಲ. "ಮೊಣಕಾಲು ಉಳಿಸಾಕ ಹೋಗಿ ಜೀವಾನ ಹೋಗ್ತಿತ್ರಿ" ಎಂದರು.

ಲಿಥಿಯಂ ಬ್ಯಾಟರಿಯ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲ ಇರುತ್ತದೆ. ಅದು ಶ್ವಾಸಕೋಶವನ್ನು ಸುಡಬಲ್ಲದು. ಅದೃಷ್ಟಕ್ಕೆ ಇಬ್ಬರೂ ಪಾರಾದರು. ಎಲ್ಲರಿಗೂ ಆ ಅದೃಷ್ಟವಿಲ್ಲ. ನ್ಯೂಯಾರ್ಕ್ ನಗರವೊಂದರಲ್ಲೇ 2023ರಲ್ಲಿ ಲಿಥಿಯಂ ಬ್ಯಾಟರಿಗಳಿಂದಾದ ಬೆಂಕಿಗೆ 18 ಜನ ಬಲಿಯಾದರು. ಮಾಸ್ತರರ ಬ್ಯಾಟರಿಯನ್ನು ಬಿಚ್ಚಿ ನೋಡಿದಾಗ ಒಳಗಿದ್ದುದು ಹಳೆ ಲ್ಯಾಪ್‌ಟಾಪ್‌ಗಳ ಸೆಲ್‌ಗಳು. ಹೆಚ್ಚು ಚಾರ್ಜ್ ಆಗದಂತೆ ತಡೆಯುವ ಬಿಎಂಎಸ್ ಎಂಬ ರಕ್ಷಣಾ ಸರ್ಕ್ಯೂಟು ಇರಲೇ ಇಲ್ಲ.

ಆದ್ದರಿಂದ ಹೊಸ ಸೆಲ್, ಬಿಎಂಎಸ್, ಬಿಲ್ಲು, ಗ್ಯಾರಂಟಿ ಈ ನಾಲ್ಕೂ ಇರುವ ಬ್ಯಾಟರಿಯನ್ನೇ ಕೊಳ್ಳಿ. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆ ತುಸು ಭಾರ, ಆದರೆ ಬಿಸಿಯನ್ನು ಹೆಚ್ಚು ತಾಳುತ್ತದೆ. ಅದಕ್ಕೆಂದೇ ಕೊಟ್ಟ ಚಾರ್ಜರನ್ನು ಮಾತ್ರ ಬಳಸಿ. ಎಚ್ಚರವಿದ್ದಾಗ, ಹೊರಬಾಗಿಲಿನಿಂದ ದೂರ, ಬಟ್ಟೆ ಕಾಗದ ಇಲ್ಲದ ಜಾಗದಲ್ಲಿ ಚಾರ್ಜ್ ಮಾಡಿ. ಬ್ಯಾಟರಿ ಉಬ್ಬಿದ್ದರೆ, ನೀರಿನಲ್ಲಿ ಮುಳುಗಿದ್ದರೆ ಮತ್ತೆ ಬಳಸಬೇಡಿ. ಹೊಗೆ ಕಂಡರೆ ಬ್ಯಾಟರಿ ಉಳಿಸಲು ಹೋಗದೆ ಎಲ್ಲರನ್ನೂ ಹೊರಗೆ ಕರೆತಂದು 112ಕ್ಕೆ ಫೋನ್ ಮಾಡಿ.

36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಸಾಮಾನ್ಯರಿಗೆ ಸಾಕು. ತುಳಿಯುತ್ತ ಹೋದರೆ 25ರಿಂದ 35 ಕಿ.ಮೀ. ಬರುತ್ತದೆ. ಪೂರ್ತಿ ಚಾರ್ಜಿಗೆ ತಗಲುವುದು ಅರ್ಧ ಯೂನಿಟ್ಟಿಗಿಂತ ಕಡಿಮೆ ಕರೆಂಟು. ಮಾಸ್ತರರು ಕೊನೆಗೆ ಹನ್ನೆರಡು ಸಾವಿರದ ಬ್ಯಾಟರಿ ತಂದರು. ಮೊದಲೇ ತಂದಿದ್ದರೆ ಐದು ಸಾವಿರ ಉಳಿಯುತ್ತಿತ್ತು.

ಕಾಲು ಸುಮ್ಮನೆ ತಿರುಗಿದರೆ ಸಾಲದು

ಅಗ್ಗದ ಕಿಟ್ಟುಗಳ ಸೆನ್ಸಾರಿಗೆ ಪೆಡಲ್ ತಿರುಗುತ್ತಿದೆ ಎಂಬುದಷ್ಟೇ ಗೊತ್ತಾಗುತ್ತದೆ. ನೀವು ಬಲ ಹಾಕುತ್ತಿದ್ದೀರೋ ಇಲ್ಲವೋ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ಕಾಲಾಡಿಸಿದರೂ ಮೋಟಾರು ಎಳೆಯುತ್ತದೆ. ಎಕ್ಸಲರೇಟರ್ ತಿರುಗಿಸಿದರಂತೂ ಅದು ಸ್ಕೂಟರೇ ಸರಿ. ಹಾಗಾಗಿ ಶಿಸ್ತು ನಿಮ್ಮದೇ ಇರಬೇಕು. ಸಮದಾರಿಯಲ್ಲಿ ಮೋಟಾರು ಬಂದ್, ಏರಿನಲ್ಲಿ ಮಾತ್ರ ಕೆಳಗಿನ ಹಂತದಲ್ಲಿ ಚಾಲೂ. ತುಳಿಯುವಾಗ ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ಶ್ರಮದ ಅಳತೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿ ಅಷ್ಟಾಗಿ ಏರುವುದಿಲ್ಲ. ಅವರೂ ಈ ಮಾತಿನ ಅಳತೆಯನ್ನೇ ನಂಬಲಿ.

ಸೀಟಿನ ಎತ್ತರವನ್ನು ಮರೆಯಬೇಡಿ. ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಮಾಸ್ತರರ ಸೀಟು ಮೂರು ಬೆರಳಷ್ಟು ತಗ್ಗಿತ್ತು. ಅರ್ಧ ನೋವಿಗೆ ಅದೇ ಕಾರಣ. ಮೊದಲ ದಿನವೇ ನಾನು ಇದನ್ನು ಕೇಳಬೇಕಿತ್ತು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆ ಇಲ್ಲವೇ ಗ್ಲೂಕೋಸ್ ಇಟ್ಟುಕೊಂಡಿರಲಿ. ರಕ್ತ ತೆಳುವಾಗಿಸುವ ಮಾತ್ರೆಯವರಿಗೆ ತಲೆಪೆಟ್ಟು ಬಹಳ ಅಪಾಯಕಾರಿ. ಹೆಲ್ಮೆಟ್ ಎಲ್ಲರಿಗೂ ಇರಲಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಇಳಿದು ಕೂತು ನೆರವು ಕರೆಯಿರಿ. ಹೃದಯದ ತೊಂದರೆ ಇದ್ದವರು ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕಾಣಿರಿ.

ಇನ್ನೊಂದು ಮಾತು. ಸ್ಕೂಟರ್ ಬಿಟ್ಟು ಈ ಸೈಕಲ್ ಹಿಡಿದರೆ ಲಾಭ. ಇದು ಬಂತೆಂದು ನಡಿಗೆ ಬಿಟ್ಟರೆ ನಷ್ಟ.

ಕಳೆದ ತಿಂಗಳು ಮಾಸ್ತರರು ತಪಾಸಣೆಗೆ ಬಂದಿದ್ದರು. ನಾಲ್ಕು ಕಿಲೋ ಇಳಿದಿದ್ದಾರೆ, ಸಕ್ಕರೆ ಹತೋಟಿಯಲ್ಲಿದೆ, ಮೊಣಕಾಲಿನ ನೋವಿನ ಮಾತ್ರೆ ನಿಂತಿದೆ. ಬ್ಯಾಟರಿಯನ್ನು ಎಲ್ಲಿ ಚಾರ್ಜ್ ಮಾಡುತ್ತೀರಿ ಎಂದು ಕೇಳಿದೆ. "ಹಿತ್ತಲದಾಗ್ರಿ, ಸಂಜಿ ಮುಂದ. ಮನ್ಯಾಕಿ ಎದುರಿಗೇ ಕುರ್ಚಿ ಹಾಕ್ಕೊಂಡು ಕುಂದರ್ತಾಳ" ಎಂದರು.