ಯಜಮಾನ ಎನ್ನಿಸಿಕೊಂಡವನು

ಕನ್ನಡದಲ್ಲಿ ‘ಯಜಮಾನ’ ಎಂಬ ಮಾತು ಬಹು ಬಳಕೆಯದು. ಮನೆಗೆ ಯಜಮಾನ, ಅಂಗಡಿಗೆ ಯಜಮಾನ, ಊರಿಗೆ ಯಜಮಾನ. ಅಪ್ಪಣೆ ಕೊಡುವವನು, ಹಣದ ಗಂಟನ್ನು ಕೈಯಲ್ಲಿ ಹಿಡಿದವನು ಎಂಬುದೇ ಅದಕ್ಕೆ ರೂಢಿಯ ಅರ್ಥ. ಮೂಲದಲ್ಲಿ ಅದು ಯಜ್ಞಶಾಲೆಯ ಮಾತು. ತನ್ನ ದ್ರವ್ಯವನ್ನು ವೆಚ್ಚಮಾಡಿ ಯಜ್ಞ ಮಾಡಿಸುವವನು, ಇದು ತನ್ನದಲ್ಲವೆಂದು ಹೇಳಿ ಆಹುತಿಯನ್ನು ಬಿಟ್ಟುಕೊಡುವವನು ಯಜಮಾನ. ಕಾಲಕ್ರಮದಲ್ಲಿ ಕೊಡುವವನೆಂಬ ಅರ್ಥ ಹಿಂದೆ ಸರಿದು ಆಳುವವನೆಂಬ ಅರ್ಥ ಮುಂದೆ ಬಂದಿತು. ಆದರೆ ಈ ಎರಡು ಅರ್ಥಗಳ ನಂಟು ಕಡಿದುಹೋಗುವಂತಹುದಲ್ಲ. ಯಜ್ಞಶಾಲೆಯನ್ನು ಕಂಡೇ ಇರದ ಒಬ್ಬ ನಾವಿಕನ ಬಾಳು ಅದನ್ನು ತೋರಿಸಿಕೊಡುತ್ತದೆ. ಅವನು ೧೮೭೪ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಅರ್ನೆಸ್ಟ್ ಶ್ಯಾಕಲ್ಟನ್. ಜೊತೆಗಾರರು ಅವನನ್ನು ಕರೆಯುತ್ತಿದ್ದುದು ‘ಬಾಸ್’ ಎಂದು. ನಮ್ಮ ಮಾತಿನಲ್ಲಿ ಯಜಮಾನ.

ದಕ್ಷಿಣ ಧ್ರುವದ ಹಿಮಖಂಡವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಕಾಲ್ನಡಿಗೆಯಲ್ಲಿ ದಾಟಬೇಕೆಂಬುದು ಅವನ ಹಂಬಲವಾಗಿದ್ದಿತು. ೧೯೧೪ರಲ್ಲಿ ‘ಎಂಡ್ಯೂರೆನ್ಸ್’ ಎಂಬ ಹಡಗು ಹೊರಟಿತು. ಆ ಹೆಸರಿಗೆ ಸೈರಣೆ ಎಂದು ಅರ್ಥ. ೧೯೧೫ರ ಜನವರಿಯಲ್ಲಿ ವೆಡ್ಡೆಲ್ ಸಮುದ್ರದ ಮಂಜುಗಡ್ಡೆ ಅದನ್ನು ನಾಲ್ಕು ದಿಕ್ಕಿನಿಂದಲೂ ಕಚ್ಚಿ ಹಿಡಿಯಿತು. ಒಂಬತ್ತು ತಿಂಗಳ ಕಾಲ ಹಿಮದ ಹಿಡಿತದಲ್ಲಿ ನರಳಿದ ಹಡಗನ್ನು ಅಕ್ಟೋಬರ್ ೨೭ರಂದು ತೊರೆಯಬೇಕಾಯಿತು. ನವೆಂಬರ್ ೨೧ರಂದು ಅದು ಮುಳುಗಿಹೋಯಿತು. ತೇಲುವ ಮಂಜಿನ ಹಾಳೆಯ ಮೇಲೆ ಉಳಿದವರು ೨೮ ಮಂದಿ. ಹೊರಜಗತ್ತಿಗೆ ಸುದ್ದಿ ಕಳುಹಿಸುವ ಉಪಾಯ ಅವರ ಬಳಿ ಇರಲಿಲ್ಲ. ಅಂದಿನಿಂದ ಶ್ಯಾಕಲ್ಟನ್ ತನ್ನ ಹಂಬಲವನ್ನು ಕಟ್ಟಿಟ್ಟನು. ಎಲ್ಲರನ್ನೂ ಜೀವಸಹಿತ ಮನೆ ಮುಟ್ಟಿಸುವುದೊಂದೇ ಅವನ ಕೆಲಸವಾಯಿತು.

ಹಡಗನ್ನು ಬಿಟ್ಟ ಮೇಲೆ ಹೊರೆಯನ್ನು ತಗ್ಗಿಸುವುದು ಮೊದಲ ಕಾರ್ಯ. ಒಬ್ಬೊಬ್ಬರೂ ಎರಡು ಪೌಂಡಿನಷ್ಟು ಸ್ವಂತ ಸಾಮಾನನ್ನು ಮಾತ್ರ ಇಟ್ಟುಕೊಳ್ಳಬಹುದೆಂದು ಅಪ್ಪಣೆಯಾಯಿತು. ಅಪ್ಪಣೆ ಕೊಟ್ಟವನೇ ಮೊದಲು ತನ್ನ ಚಿನ್ನದ ನಾಣ್ಯಗಳನ್ನೂ ಚಿನ್ನದ ಸಿಗರೇಟು ಪೆಟ್ಟಿಗೆಯನ್ನೂ ಎಲ್ಲರ ಕಣ್ಣೆದುರಿಗೆ ಹಿಮದ ಮೇಲೆ ಎಸೆದನು. ಆ ಬಳಿಕ ಯಾರಿಗೂ ಬುದ್ಧಿ ಹೇಳಬೇಕಾಗಲಿಲ್ಲ. ಆದರೆ ಹಸ್ಸಿ ಎಂಬವನ ಬ್ಯಾಂಜೋ ವಾದ್ಯವನ್ನು ಬಿಡಗೊಡಲಿಲ್ಲ. ಅದರ ತೂಕ ನಿಯಮಕ್ಕೆ ಮೀರಿದುದಾದರೂ ಕತ್ತಲೆಯ ದಿನಗಳಲ್ಲಿ ಮನಸ್ಸಿಗೆ ಅದೇ ಔಷಧವಾದೀತೆಂದು ಅವನು ಬಲ್ಲನು. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲಬೇಕು ಎಂಬ ವಿವೇಕ ನಿಯಮದ ಪುಸ್ತಕದಲ್ಲಿ ಸಿಕ್ಕುವುದಿಲ್ಲ. ಜನರ ಮುಖ ನೋಡಿ ಕಲಿಯಬೇಕು.

ಮಲಗುವ ಚೀಲಗಳಲ್ಲಿ ಬೆಚ್ಚನೆಯ ತುಪ್ಪುಳುಚರ್ಮದವು ಹದಿನೆಂಟೇ ಇದ್ದುವು. ಉಳಿದವು ಉಣ್ಣೆಯವು, ಚಳಿಗೆ ಅಷ್ಟಾಗಿ ತಡೆಯದಂತಹವು. ಚೀಟಿ ಎತ್ತಿ ಹಂಚಿದರು. ಚೀಟಿಯಲ್ಲಿ ಏನೋ ಕೈವಾಡ ನಡೆದಿದೆಯೆಂದು ನಾವಿಕರಿಗೆ ಅನುಮಾನ ಬಂದಿತು. ಏಕೆಂದರೆ ಶ್ಯಾಕಲ್ಟನ್ ಮತ್ತು ಅವನ ಮುಖ್ಯ ಅಧಿಕಾರಿಗಳ ಪಾಲಿಗೆ ಬಂದುವೆಲ್ಲ ಉಣ್ಣೆಯ ಚೀಲಗಳು! ಕೆಳಗಿನವರ ಪಾಲಿಗೆ ತುಪ್ಪುಳು ಬಂದಿದ್ದಿತು. ಇಂತಹ ಮೋಸದ ಮೇಲೆ ದೂರು ಹೇಳಿದವರಿಲ್ಲ.

ಎಲ್ಲರೂ ಹೇಳಿದಂತೆ ಕೇಳುವವರಾದರೆ ಮುಂದಾಳ್ತನ ಸುಲಭ. ಹಡಗಿನ ಬಡಗಿ ಮೆಕ್‌ನಿಶ್ ಹಾಗಿರಲಿಲ್ಲ. ದೋಣಿಗಳನ್ನು ಹಿಮದ ಮೇಲೆ ಎಳೆದು ಎಳೆದು ಸೋತು, ೧೯೧೫ರ ಡಿಸೆಂಬರಿನಲ್ಲಿ ಒಂದು ದಿನ ಇನ್ನು ಎಳೆಯೆನೆಂದು ಕುಳಿತುಬಿಟ್ಟನು. ಹಡಗೇ ಮುಳುಗಿದ ಮೇಲೆ ಕರಾರು ಎಲ್ಲಿಯದೆಂಬುದು ಅವನ ವಾದ. ಶ್ಯಾಕಲ್ಟನ್ ಎಲ್ಲರನ್ನೂ ಸೇರಿಸಿ ಕರಾರನ್ನು ಓದಿಸಿ, ಬಂದರು ಮುಟ್ಟುವವರೆಗೆ ಸಂಬಳವೂ ನಡೆಯುತ್ತದೆ, ಅಪ್ಪಣೆಯೂ ನಡೆಯುತ್ತದೆ ಎಂದು ಸ್ಪಷ್ಟಪಡಿಸಿದನು. ಬಡಗಿ ಎದ್ದು ಹಗ್ಗ ಹಿಡಿದನು.

೧೯೧೬ರ ಏಪ್ರಿಲ್ ೧೫ರಂದು ಮೂರು ದೋಣಿಗಳಲ್ಲಿ ಅವರು ಎಲಿಫೆಂಟ್ ದ್ವೀಪವನ್ನು ಸೇರಿದರು. ಅದು ಹಡಗುಗಳು ಸುಳಿಯದ ಬೋಳುಬಂಡೆ. ಸಹಾಯ ತರಬೇಕಾದರೆ ತಿಮಿಂಗಿಲ ಬೇಟೆಗಾರರ ನೆಲೆಯಿದ್ದ ದಕ್ಷಿಣ ಜಾರ್ಜಿಯಾ ದ್ವೀಪಕ್ಕೆ, ಸುಮಾರು ೧,೫೦೦ ಕಿಲೋಮೀಟರ್ ದೂರ, ೨೨ ಅಡಿಗೆ ತುಸು ಮೀರಿದ ದೋಣಿಯಲ್ಲಿ ಹೋಗಬೇಕು. ಜೊತೆಗೆ ಐವರನ್ನು ಆರಿಸಿಕೊಳ್ಳುವಾಗ ಶ್ಯಾಕಲ್ಟನ್ ಆ ಬಡಗಿಯನ್ನೂ ಕರೆದನು. ಗೊಣಗುವವನು ದ್ವೀಪದಲ್ಲಿ ಉಳಿದರೆ ಉಳಿದವರ ಎದೆ ಕುಗ್ಗೀತು. ತನ್ನ ಪಕ್ಕದಲ್ಲಿದ್ದರೆ ಅವನ ಕೈಚಳಕ ಎಲ್ಲರಿಗೂ ಒದಗೀತು. ಪೆಟ್ಟಿಗೆಯ ಹಲಗೆ, ಕ್ಯಾನ್‌ವಾಸು ಬಟ್ಟೆಗಳಿಂದ ಮೆಕ್‌ನಿಶ್ ದೋಣಿಗೆ ಮೇಲ್ಮುಚ್ಚು ಕಟ್ಟಿಕೊಟ್ಟನು. ಅದಿಲ್ಲದೆ ಅದು ಆ ಕಡಲಿನಲ್ಲಿ ಉಳಿಯುವಂತಿರಲಿಲ್ಲ.

ಆ ಪ್ರಯಾಣದಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ನಾಯಕ ವೋರ್ಸ್ಲಿ ಬರೆದಿಟ್ಟಿದ್ದಾನೆ. ಆರರಲ್ಲಿ ಒಬ್ಬನು ಚಳಿಗೆ ಸೋತು ಕುಸಿಯುತ್ತಿರುವಂತೆ ಕಂಡರೆ ಶ್ಯಾಕಲ್ಟನ್ ಕೂಡಲೆ ಎಲ್ಲರಿಗೂ ಬಿಸಿ ಹಾಲು ಕೊಡಿಸುತ್ತಿದ್ದನು. ತನ್ನ ಸಲುವಾಗಿಯೇ ಇದು ಎಂಬುದು ಸೋತವನಿಗೆ ತಿಳಿಯಗೊಡುತ್ತಿರಲಿಲ್ಲ. ಒಂದು ಮಗುವಿಗೆ ನೆಗಡಿಯಾದರೆ ಮನೆಯ ಮಕ್ಕಳೆಲ್ಲರನ್ನೂ ಸಾಲಾಗಿ ಕೂರಿಸಿ ಕಷಾಯ ಕುಡಿಸುವ ಅಜ್ಜಿಯರಿಗೆ ಈ ಗುಟ್ಟು ತಿಳಿದಿದೆ. ಕಚೇರಿಯ ಮೇಲಧಿಕಾರಿಗಳೂ ತರಗತಿಯ ಉಪಾಧ್ಯಾಯರೂ ಅದನ್ನು ಕಲಿಯಬಹುದು. ಸೋತವನ ಕೈಹಿಡಿಯುವುದು ಒಳ್ಳೆಯದು; ಅವನ ಸೋಲನ್ನು ಹತ್ತು ಜನರ ಮುಂದೆ ಎತ್ತಿ ತೋರಿಸದೆ ಕೈಹಿಡಿಯುವುದು ದೊಡ್ಡದು.

ಇತ್ತ ದ್ವೀಪದಲ್ಲಿ ೨೨ ಮಂದಿ ಬೋರಲು ಹಾಕಿದ ಎರಡು ದೋಣಿಗಳ ಕೆಳಗೆ ನಾಲ್ಕು ತಿಂಗಳಿಗೂ ಮೇಲೆ ಕಾದರು. ಅವರ ಹೊಣೆ ಹೊತ್ತವನು ಫ್ರಾಂಕ್ ವೈಲ್ಡ್. ಯಜಮಾನ ಇಂದು ಬಂದರೂ ಬಂದಾನು, ಹಾಸಿಗೆ ಸುತ್ತಿಡಿ ಎಂದು ಅವನು ಬೆಳಗಾದರೆ ಎಲ್ಲರನ್ನೂ ಎಬ್ಬಿಸುತ್ತಿದ್ದನು. ಅಷ್ಟು ನಂಬಿಕೆ ಅವನಿಗೆ ಎಲ್ಲಿಂದ ಬಂದಿತು? ಅದರ ಬೇರು ೧೯೦೯ರಲ್ಲಿದೆ. ಆ ವರ್ಷ ಶ್ಯಾಕಲ್ಟನ್, ವೈಲ್ಡ್ ಮತ್ತಿಬ್ಬರು ಧ್ರುವದಿಂದ ಸುಮಾರು ೧೮೦ ಕಿಲೋಮೀಟರ್ ದೂರದವರೆಗೆ ಹೋಗಿದ್ದರು. ಮುಂದೆ ಹೋದರೆ ಕೀರ್ತಿಯುಂಟು, ಹಿಂದಿರುಗಲು ಆಹಾರವಿಲ್ಲ. ಶ್ಯಾಕಲ್ಟನ್ ಮರಳಿದನು. ಹಸಿವಿನಿಂದ ಕಂಗೆಟ್ಟ ಆ ಹಾದಿಯಲ್ಲಿ ಒಂದು ಬೆಳಗ್ಗೆ ತನ್ನ ಪಾಲಿನ ಒಂದೇ ಒಂದು ಬಿಸ್ಕತ್ತನ್ನು ಕಾಯಿಲೆಯ ವೈಲ್ಡನಿಗೆ ಬಲವಂತವಾಗಿ ತಿನ್ನಿಸಿದನು. ಏಳು ವರ್ಷಗಳ ಅನಂತರ ಎಲಿಫೆಂಟ್ ದ್ವೀಪದಲ್ಲಿ ಫಲ ಕೊಟ್ಟುದು ಆ ಬಿಸ್ಕತ್ತೇ. ೧೯೧೬ರ ಆಗಸ್ಟ್ ೩೦ರಂದು, ಮೂರು ಯತ್ನಗಳು ವಿಫಲವಾದ ಮೇಲೆ, ಚಿಲಿ ದೇಶದ ‘ಯೆಲ್ಚೊ’ ಎಂಬ ಸಣ್ಣ ಹಡಗಿನಲ್ಲಿ ಯಜಮಾನ ಬಂದೇ ಬಂದನು. ಇಪ್ಪತ್ತೆರಡು ಮಂದಿಯೂ ಬದುಕಿದ್ದರು.

ಶ್ಯಾಕಲ್ಟನ್ ದೋಷವಿಲ್ಲದವನೇನೂ ಅಲ್ಲ. ದೋಣಿಯನ್ನು ಉಳಿಸಿದ ಆ ಬಡಗಿಗೆ ಧ್ರುವಪದಕಕ್ಕಾಗಿ ಅವನು ಶಿಫಾರಸು ಮಾಡಲಿಲ್ಲ. ಹಳೆಯ ಅವಿಧೇಯತೆಯನ್ನು ಮನಸ್ಸಿನಿಂದ ತೆಗೆಯಲಾರದೆ ಹೋದನು. ಹಿಮಖಂಡದ ಇನ್ನೊಂದು ಬದಿಯಿಂದ ಅವನಿಗಾಗಿ ಆಹಾರ ಇಡಲು ಹೋದ ತಂಡದಲ್ಲಿ ಮೂವರು ಸತ್ತರು. ಸಂಸಾರಕ್ಕೆ ಅವನು ಬಿಟ್ಟುಹೋದುದು ದೊಡ್ಡ ಸಾಲವನ್ನು. ಹಿಮದ ಮೇಲೆ ಅಷ್ಟು ಬಲ್ಲವನಾಗಿದ್ದವನು ನಾಡಿನಲ್ಲಿ ಎಡವಿದನು. ಜನರನ್ನು ನಡೆಸುವ ಗುಣ ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ. ದಿನದಿನವೂ ಹೊಸದಾಗಿ ಗಳಿಸಬೇಕಾದ ಕೂಲಿ.

೧೯೨೨ರ ಜನವರಿಯಲ್ಲಿ ಅವನು ದಕ್ಷಿಣ ಜಾರ್ಜಿಯಾದಲ್ಲಿ ತೀರಿಕೊಂಡನು. ಸಮಾಧಿಯೂ ಅಲ್ಲಿಯೇ ಆಯಿತು. ವೈಲ್ಡ್ ೧೯೩೯ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಸತ್ತನು. ೨೦೧೧ರಲ್ಲಿ ಅವನ ಚಿತಾಭಸ್ಮವನ್ನು ಕಡಲು ದಾಟಿಸಿ ತಂದು ಯಜಮಾನನ ಬಲಗಡೆಯಲ್ಲಿ ಹೂಳಿದರು. ೨೦೨೨ರ ಮಾರ್ಚ್‌ನಲ್ಲಿ ‘ಎಂಡ್ಯೂರೆನ್ಸ್’ ಹಡಗೂ ಮೂರು ಸಾವಿರ ಮೀಟರ್ ಆಳದಲ್ಲಿ ಪತ್ತೆಯಾಯಿತು. ಹಿಮಖಂಡವನ್ನು ದಾಟಿದ ಕೀರ್ತಿ ಶ್ಯಾಕಲ್ಟನ್ನನಿಗೆ ದೊರೆಯಲಿಲ್ಲ. ಆದರೂ ಅವನ ಹೆಸರು ಉಳಿಯಿತು.

ನಮ್ಮ ಮನೆಗಳಲ್ಲಿ ಹಿಮವಿಲ್ಲ, ಮುಳುಗುವ ಹಡಗಿಲ್ಲ. ಆದರೆ ಮಳೆ ಸೋರುವ ಕೋಣೆಯಲ್ಲಿ ಯಾರು ಮಲಗಬೇಕು, ಹಬ್ಬದ ದಿನ ಕಚೇರಿಯ ಕಾವಲಿಗೆ ಯಾರು ನಿಲ್ಲಬೇಕು, ತಪ್ಪಾದಾಗ ಮೇಲಿನವರ ಮುಂದೆ ಯಾರು ತಲೆಯೊಡ್ಡಬೇಕು ಎಂಬ ಚೀಟಿಗಳು ದಿನವೂ ಏಳುತ್ತಿರುತ್ತವೆ. ಉಣ್ಣೆಯ ಚೀಲ ಯಾರ ಪಾಲಿಗೆ ಬಂದಿತೆಂಬುದನ್ನು ಕಿರಿಯರು ಮಾತನಾಡದೆ ನೋಡುತ್ತಿರುತ್ತಾರೆ.