ದೋಣಿಯ ಟಾಂಕಿಯಲ್ಲಿ ತಂಗಳೆಣ್ಣೆ

ರಾತ್ರಿ ಉಳಿದ ಅನ್ನವನ್ನು ಪರೀಕ್ಷಿಸದೆ ಮರುದಿನ ಬಡಿಸುವ ಗೃಹಿಣಿ ನಮ್ಮಲ್ಲಿ ವಿರಳ. ಅಂತಹ ಅನ್ನವನ್ನು ಸಂಸ್ಕೃತದಲ್ಲಿ ‘ಪರ್ಯುಷಿತ’ವೆಂದು ಕರೆಯುವರು, ನಮ್ಮ ನುಡಿಯಲ್ಲಿ ಅದು ತಂಗಳು. ಅನ್ನಕ್ಕೆ ತಂಗಳೆಂಬುದು ಸರಿ, ಇಂಜಿನಿಗೆ ಹಾಕುವ ಎಣ್ಣೆಗೂ ಅದು ಉಂಟೇ ಎಂದು ವಾಚಕರು ಕೇಳಬಹುದು. ಉಂಟು, ಮತ್ತು ಅದನ್ನು ಅರಿಯದೆ ಕಡಲಿಗಿಳಿಯುವುದು ಪ್ರಾಣಕ್ಕೇ ಸಂಚಕಾರವಾದೀತು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರ ವರೆಗೆ, ಅಂದರೆ ೬೧ ದಿನಗಳ ಕಾಲ, ಯಂತ್ರಚಾಲಿತ ದೋಣಿಗಳಿಗೆ ಮೀನುಗಾರಿಕೆ ನಿಷೇಧವಷ್ಟೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರಗಳ ಬಂದರುಗಳಲ್ಲಿ ದೋಣಿಗಳು ಸಾಲಾಗಿ ತಂಗುವ ಕಾಲವಿದು. ದುರಸ್ತಿ, ಬಣ್ಣ ಮೊದಲಾದ ಕೆಲಸಗಳು ಕೂಡಿಕೊಂಡರೆ ಕೆಲವು ದೋಣಿಗಳು ಮೂರು ನಾಲ್ಕು ತಿಂಗಳು ಅಲುಗದೆ ನಿಲ್ಲುವುದೂ ಉಂಟು. ಬಲೆಯನ್ನು ಹೊಲಿಯುವರು, ಹಲಗೆಯ ಸಂದುಗಳನ್ನು ಮುಚ್ಚುವರು. ಟಾಂಕಿಯಲ್ಲಿ ಉಳಿದ ಎಣ್ಣೆಯ ಕಡೆಗೆ ಮಾತ್ರ ಬಹುಮಂದಿಯ ಲಕ್ಷ್ಯ ಹೋಗುವುದಿಲ್ಲ.

ಈ ಅವಧಿಯಲ್ಲಿ ಒಳಗೆ ನಡೆಯುವುದೇನು? ಟಾಂಕಿಗೆ ಉಸಿರಾಡುವ ರಂಧ್ರವೊಂದಿರುತ್ತದೆ. ಹಗಲಿನ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಬೀಳುವುದು. ರಾತ್ರಿಯ ತಂಪಿಗೆ ಮಳೆಗಾಲದ ತೇವದ ಗಾಳಿ ಒಳನುಗ್ಗುವುದು. ಆ ತೇವ ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ. ನೀರು ಡೀಸೆಲಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುವುದು. ಅಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹುಟ್ಟಿ, ನೀರಿನಲ್ಲಿ ವಾಸಿಸಿ, ಡೀಸೆಲನ್ನೇ ಆಹಾರವಾಗಿ ಮಾಡಿಕೊಂಡು ಕಪ್ಪಾದ ಲೋಳೆಯನ್ನು ಬೆಳೆಸುತ್ತವೆ. ದೋಣಿ ನಿಶ್ಚಲವಾಗಿರುವಾಗ ಈ ಲೋಳೆ ಸುಮ್ಮನಿರುವುದು; ಅಲೆಗಳ ಹೊಯ್ದಾಟಕ್ಕೆ ಕಲಕಿ ಮೇಲೆದ್ದು ಫಿಲ್ಟರನ್ನು ಮುಚ್ಚಿಬಿಡುವುದು.

ಪೆಟ್ರೋಲಿನ ವ್ಯಾಧಿ ಬೇರೆ ತೆರನಾದುದು. ಅದರಲ್ಲಿ ಬೇಗನೆ ಹೊತ್ತಿಕೊಳ್ಳುವ ಹಗುರವಾದ ಅಂಶಗಳು ಮೊದಲು ಆವಿಯಾಗುವುವು. ಉಳಿದುದು ಗಾಳಿಯೊಡನೆ ಸೇರಿ ಅಂಟಾಗಿ, ಕಾರ್ಬ್ಯುರೇಟರಿನ ಸೂಜಿಮೊನೆಯಂತಹ ರಂಧ್ರಗಳನ್ನು ಕಟ್ಟುವುದು. ಇದಕ್ಕೆ ಮತ್ತೊಂದು ಸಂಗತಿ ಸೇರಿದೆ. ೨೦೦೩ರಲ್ಲಿ ಕೆಲವು ರಾಜ್ಯಗಳಲ್ಲಿ ನೂರಕ್ಕೆ ೫ ಪಾಲಿನಂತೆ ಆರಂಭವಾದ ಎಥನಾಲ್ ಬೆರಕೆಯು ೨೦೨೨ರಲ್ಲಿ ೧೦ಕ್ಕೂ ೨೦೨೫ರಲ್ಲಿ ೨೦ಕ್ಕೂ ಏರಿತು. ಎಥನಾಲ್ ಎಂದರೆ ಕಬ್ಬು, ಧಾನ್ಯ ಮೊದಲಾದವುಗಳಿಂದ ತೆಗೆದ ಮದ್ಯಸಾರ. ನೀರನ್ನು ಸೆಳೆದುಕೊಳ್ಳುವುದು ಅದರ ಸ್ವಭಾವ. ನೀರು ಮಿತಿಮೀರಿದಾಗ ಮದ್ಯಸಾರವು ಪೆಟ್ರೋಲನ್ನು ತೊರೆದು ನೀರಿನೊಡನೆ ತಳಕ್ಕಿಳಿಯುವುದು. ಇಂಜಿನು ಎಳೆದುಕೊಳ್ಳುವುದು ಆ ತಳದಿಂದಲೇ. ಎಣ್ಣೆ ಬೆರೆಸಿದ ಪೆಟ್ರೋಲಿನಿಂದ ನಡೆಯುವ ಟೂ-ಸ್ಟ್ರೋಕ್ ಇಂಜಿನಿಗಂತೂ ಇದು ಮೃತ್ಯುಸಮಾನ. ಏಕೆಂದರೆ ತಳದ ಆ ಪದರದಲ್ಲಿ ಜಿಡ್ಡಿನ ಅಂಶವಿರದೆ ಸಿಲಿಂಡರು ಒಣಗಿ ಬಿಗಿದುಕೊಳ್ಳುವುದು. ಹೀಗೆ ಒಡೆದ ಪೆಟ್ರೋಲಿಗೆ ಹೊಸದನ್ನು ಸುರಿದರೂ ಅದು ಮೊದಲಿನಂತಾದೀತೆಂಬ ಭರವಸೆಯಿಲ್ಲ. ಒಡೆದ ಹಾಲಿಗೆ ಹೊಸ ಹಾಲು ಸುರಿದರೆ ಆಗುವುದೇನೆಂದು ಗೃಹಿಣಿಯರು ಬಲ್ಲರು.

ಇದರಿಂದ ಆಗುವ ಕೇಡು ಕೇವಲ ಹಣದ್ದಲ್ಲ. ನೂಲಹುಣ್ಣಿಮೆಯ ವೇಳೆಗೆ ಕಡಲಿಗೆ ಹಾಲು, ತೆಂಗಿನಕಾಯಿಗಳನ್ನರ್ಪಿಸಿ ದೋಣಿಗಳು ಹೊರಡುವಾಗ ಮಳೆಗಾಲದ ಅಬ್ಬರ ಪೂರ್ತಿ ಅಡಗಿರುವುದಿಲ್ಲ. ನದಿ ಕಡಲನ್ನು ಸೇರುವ ಅಳಿವೆಬಾಗಿಲಿನಲ್ಲಿ ಇಂಜಿನು ನಿಂತರೆ ದೋಣಿ ಅಡ್ಡತಿರುಗಿ ಅಲೆಗೆ ಮೈಯೊಡ್ಡುವುದು. ದಡದಲ್ಲಿ ಕೆಮ್ಮುವ ಇಂಜಿನು ಪರಿಹಾಸ್ಯಕ್ಕೆ ವಿಷಯವಾದೀತು. ಅಲ್ಲಿ ಕೆಮ್ಮಿದರೆ ಮನೆಯವರ ಕಣ್ಣೀರಿಗೆ ಕಾರಣವಾದೀತು.

ಹಾಗಿರಲು ಮಾಡತಕ್ಕುದೇನು? ದೋಣಿಯನ್ನು ನಿಲ್ಲಿಸುವ ಮೊದಲೇ ಡೀಸೆಲ್ ಟಾಂಕಿಯ ತಳದ ನೀರನ್ನು ಬಸಿದು, ಹಿಗ್ಗಲು ಸ್ವಲ್ಪ ಎಡೆಯಿಟ್ಟು ತುಂಬಿಸತಕ್ಕದ್ದು. ಗಾಳಿಗೆ ಸ್ಥಳ ಕಡಿಮೆಯಾದಷ್ಟು ತೇವವೂ ಕಡಿಮೆ. ಪೆಟ್ರೋಲಿನ ಟಾಂಕಿಯನ್ನಾದರೋ ಬರಿದು ಮಾಡುವುದೇ ಲೇಸು. ಎಣ್ಣೆ ಬೆರೆಸದ ಪೆಟ್ರೋಲಾದರೆ ಹೊಸದಿರುವಾಗಲೇ ಮೋಟಾರುಬೈಕಿಗೆ ಬಳಸಬಹುದು. ಬಳಿಕ ಎಣ್ಣೆಯ ಕೊಳವೆಯನ್ನು ಬಿಚ್ಚಿ, ತಂಪಿನ ನೀರಿನ ಏರ್ಪಾಡಿನೊಡನೆ, ಇಂಜಿನು ತಾನಾಗಿ ನಿಲ್ಲುವವರೆಗೆ ನಡೆಸಿದರೆ ಕಾರ್ಬ್ಯುರೇಟರೂ ಬರಿದಾಗುವುದು.

ಮೊದಲೇ ಹೀಗೆ ಮಾಡದೆ ತಿಂಗಳುಗಳು ಕಳೆದಿದ್ದರೆ ಕೀಲಿ ತಿರುಗಿಸುವ ಆತುರ ಬೇಡ. ಮೊದಲು ಮುಚ್ಚಳಗಳನ್ನೆಲ್ಲ ತೆರೆದು ಗಾಳಿಯಾಡಗೊಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ದೋಣಿಯ ತಳದಲ್ಲಿ ಅಡಗಿದ್ದು ಒಂದು ಕಿಡಿಗಾಗಿ ಕಾದಿರುವುದು. ಬೀಡಿ, ದೀಪಗಳು ಹತ್ತಿರ ಸುಳಿಯಬಾರದು. ಅನಂತರ ಕೈಪಂಪಿನಿಂದ ಟಾಂಕಿಯ ತಳದ ಎಣ್ಣೆಯನ್ನು ಗಾಜಿನ ಜಾಡಿಗೆ ತೆಗೆದು, ಕೆಲವು ಗಂಟೆ ಕದಲಿಸದೆ ಇಟ್ಟು ನೋಡಬೇಕು. ತಿಳಿಯಾಗಿದ್ದರೆ ಡೀಸೆಲನ್ನು ಹೊಸ ಫಿಲ್ಟರು ಹಾಕಿ ಬಳಸಬಹುದು. ಎರಡು ಪದರಗಳಾಗಿ ನಿಂತರೆ, ಕದಡಿದ್ದರೆ, ಲೋಳೆ ಕಂಡರೆ, ಅಥವಾ ಪೆಟ್ರೋಲು ವಾರ್ನಿಷಿನಂತೆ ನಾರಿದರೆ, ಎಲ್ಲವನ್ನೂ ತೆಗೆದು ಟಾಂಕಿಯನ್ನು ಶುಚಿಮಾಡಿಸುವುದೊಂದೇ ದಾರಿ. ಹೊಸ ಎಣ್ಣೆ ತುಂಬಿದ ಮೇಲೂ ಧಕ್ಕೆಯಲ್ಲಿ ಕಟ್ಟಿದ್ದಂತೆಯೇ ಅರ್ಧ ಗಂಟೆ ಇಂಜಿನು ನಡೆಸಿ ನೋಡಿ, ಬಳಿಕ ಅಳಿವೆಯ ಕಡೆ ಮುಖ ಮಾಡತಕ್ಕದ್ದು.

ಇಲ್ಲಿ ಎರಡು ನಿಷೇಧಗಳನ್ನು ನಾವು ಒತ್ತಿ ಹೇಳಬೇಕಾಗಿದೆ. ಕೊಳವೆಯನ್ನು ಬಾಯಿಂದ ಹೀರಿ ಎಣ್ಣೆ ತೆಗೆಯುವ ಅಭ್ಯಾಸ ಸರ್ವಥಾ ಸಲ್ಲದು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಾಪಾಯವುಂಟು. ಹಾಗೆಂದು ನುಂಗಿದವರಿಗೆ ವಾಂತಿ ಮಾಡಿಸಲೂ ಬಾರದು. ಒಡನೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎರಡನೆಯದು, ತೆಗೆದ ಎಣ್ಣೆಯನ್ನು ಹೊಳೆಗೆ, ಚರಂಡಿಗೆ ಚೆಲ್ಲುವುದಾಗಲಿ, ನೀರಿನ ಬಾಟಲಿಗಳಲ್ಲಿ ಮನೆಯೊಳಗೆ ಇಡುವುದಾಗಲಿ ಕೂಡದು. ಚೆಲ್ಲಿದ್ದು ಮೀನಿನ ಮರಿಗಳಿಗೆ ವಿಷವಾಗುವುದು. ಇಟ್ಟದ್ದನ್ನು ಮಗು ನೀರೆಂದು ಕುಡಿಯುವುದು. ಅದನ್ನು ಗಟ್ಟಿ ಡಬ್ಬಿಯಲ್ಲಿ ತುಂಬಿ, ಹೆಸರು ಬರೆದು, ಕೆಟ್ಟ ಎಣ್ಣೆಯನ್ನು ಪಡೆಯಲು ಪರವಾನಗಿಯುಳ್ಳವರಿಗೆ ಒಪ್ಪಿಸಬೇಕು.

ಕೆಟ್ಟ ಎಣ್ಣೆಯನ್ನು ಚೆಲ್ಲುವುದೆಂದರೆ ದುಡಿದ ದುಡ್ಡನ್ನೇ ಚೆಲ್ಲಿದಂತೆ ಎಂಬ ಸಂಕಟ ನಮಗೂ ಅರ್ಥವಾಗುತ್ತದೆ. ಆದರೆ ದುಡಿಯುವವನು ಸಂಜೆ ಮನೆಗೆ ಮರಳಿದರೆ ಆ ದುಡ್ಡು ಮತ್ತೆ ಬಂದೀತು. ಆದುದರಿಂದ ಜುಲೈ ತಿಂಗಳ ಕೊನೆಯ ವಾರದಲ್ಲಿ ದೋಣಿಯುಳ್ಳ ಮನೆಯ ಹೆಂಗಸರು ಯಜಮಾನರನ್ನು ಒಂದು ಮಾತು ಕೇಳಲಿ: “ಬಲೆ ನೋಡಿದ್ದಾಯಿತು, ಎಣ್ಣೆ ನೋಡಿದಿರಾ?”